ಥೇಮ್ಸ್ ತೀರದಲ್ಲಿ ಕಂಡ ಒಂದು ಮನೆತನದ ಕಾಯಕ

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಅಣ್ಣ ಬಸವಣ್ಣನವರ ಪ್ರತಿಮೆಗೆ ಶರಣು ಸಲ್ಲಿಸಿ, ನಾವು ಅದೇ ನದಿಯ ಕೆಳದಂಡೆಯ ಗ್ರೀನಿಚ್ಚಿಗೆ ತೆರಳಿದೆವು. ಸಿಲ್ಲಿ ದ್ವೀಪಗಳ ಗಿಬ್ಸನ್ ಮನೆತನದ ಛಾಯಾಚಿತ್ರ ಸಂಗ್ರಹವು ಅಲ್ಲಿಯ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಆಶ್ರಯದಲ್ಲಿದೆ.

ಇಂಗ್ಲೆಂಡಿನ ನೈಋತ್ಯ ತುದಿಯಾಚೆಗಿರುವ ಆ ದ್ವೀಪಗಳ ಬಂಡೆಗಳಿಗೆ ಬಡಿದು ಒಡೆದ ವ್ಯಾಪಾರಿ ಹಡಗುಗಳು ಅಸಂಖ್ಯ. ನಾವಿಕನಾಗಿದ್ದ ಜಾನ್ ಗಿಬ್ಸನ್ ಆರಂಭಿಸಿದ ಭಗ್ನನೌಕೆಗಳ ಚಿತ್ರಗ್ರಹಣವನ್ನು ನಾಲ್ಕು ತಲೆಮಾರುಗಳು ಸುಮಾರು 125 ವರ್ಷ ಬಿಡದೆ ನಡೆಸಿದವು. ಗಾಜಿನ ಫಲಕಗಳನ್ನು ಹೊತ್ತು ಕಡಲಂಚಿನ ಬಂಡೆಗಳನ್ನೇರಿದ ಆ ಶ್ರಮವು ಕಾಯಕವಲ್ಲದೆ ಮತ್ತೇನು?

2013ರಲ್ಲಿ ಈ ಸಂಗ್ರಹವು ಹರಾಜಿಗೆ ಬಂದಿತು. 1360ಕ್ಕೂ ಮಿಕ್ಕ ಗಾಜು ಹಾಗೂ ಫಿಲಂ ನೆಗೆಟಿವ್‌ಗಳು ಕೈಕೈ ಸೇರಿ ಚದುರುವ ಮುನ್ನವೇ ಸಂಗ್ರಹಾಲಯವು 1,22,500 ಪೌಂಡು ತೆತ್ತು ಎಲ್ಲವನ್ನೂ ಒಟ್ಟಿಗೆ ಕೊಂಡಿತು.

ಕೊಂಡಮಾತ್ರಕ್ಕೆ ಉಳಿಯಲಾರದು. ತೇವ ತಗುಲಿದರೆ ಗಾಜಿನ ಮೇಲಣ ಲೇಪವು ಎದ್ದುಬರುತ್ತದೆ. ಒಂದರ ಮೇಲೊಂದು ಪೇರಿಸಿದರೆ ಗಾಜು ಭಾರಕ್ಕೆ ಬಿರಿಯುತ್ತದೆ. ಆದುದರಿಂದ ಪ್ರತಿಯೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣಕೋಣೆಯಲ್ಲಿ ಇಡಬೇಕಾಗುತ್ತದೆ.

ಆಗ ನಮಗೆ ನಮ್ಮ ಮನೆಗಳ ಅಟ್ಟಗಳು ನೆನಪಾದವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ! ಹಿರಿಯರ ಭಾವಚಿತ್ರಗಳು ಇಂದಿಗೂ ಹಲವು ಮನೆಗಳ ಟ್ರಂಕುಗಳಲ್ಲಿ ಹೆಸರಿಲ್ಲದೆ ಮಸುಕಾಗುತ್ತಿವೆ. ಮಳೆಗಾಲಕ್ಕೆ ಮುನ್ನ ಅವನ್ನು ಹೊರತೆಗೆಯಿರಿ. ಮನೆಯ ಅಜ್ಜಿಯನ್ನು ಬಳಿಯಲ್ಲಿ ಕೂಡಿಸಿಕೊಂಡು, ಇವರಾರೆಂದು ಕೇಳಿ, ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಮೆಲ್ಲನೆ ಬರೆದಿಡಿರಿ. ಹೇಳುವವರು ಇರುವಾಗಲೇ ಕೇಳಬೇಕು.