ಬೆರಳು ಬಲ್ಲ ದಾರಿ

ಉಪಕರಣವನ್ನು ಕೊಳ್ಳುವುದು ಒಂದು ದಿನದ ಕೆಲಸ; ಅದನ್ನು ಕೈಗೆ ಒಗ್ಗಿಸಿಕೊಳ್ಳುವುದು ಬಹುದಿನಗಳ ಕೆಲಸ. ಅಂಗಡಿಯವನು ಬೆಲೆ ಹೇಳುವುದು ಮೊದಲನೆಯದಕ್ಕೆ ಮಾತ್ರ. ಕುಂಬಾರನು ಹೊಸ ತಿಗರಿಯನ್ನು ಹೂಡಿದ ದಿನ, ಕಂಬಾರನು ಹೊಸ ತಿದಿಯನ್ನು ಕಟ್ಟಿದ ದಿನ, ಕೆಲಸವು ಹಿಂದಿನ ದಿನಕ್ಕಿಂತ ನಿಧಾನವಾಗಿಯೇ ಸಾಗುತ್ತದೆ. ಹಳೆಯ ಉಪಕರಣದ ಓರೆಕೋರೆಗಳೆಲ್ಲ ಕೈಗೆ ಗೊತ್ತು. ಹೊಸದು ಎಷ್ಟೇ ನೇರವಾಗಿದ್ದರೂ ಅಪರಿಚಿತವೇ. ಮರ, ಮಣ್ಣು, ಕಬ್ಬಿಣಗಳ ಸಾಧನಗಳಿಗೆ ಸಲ್ಲುವ ಈ ಮಾತು, ಮುಟ್ಟಿದರೆ ಕೈಗೆ ಸಿಗದೆ ಗಣಕಯಂತ್ರದ ಪರದೆಯ ಮೇಲೆ ಮಾತ್ರ ಕಾಣುವ ತಂತ್ರಾಂಶಕ್ಕೂ ಸಲ್ಲುತ್ತದೆ.

ಬೆಳಗಾವಿ ನಗರದಿಂದ ಪಶ್ಚಿಮಕ್ಕೆ ವೆಂಗುರ್ಲೆಯ ರಸ್ತೆಯನ್ನು ಹಿಡಿದು ಹೊರಟರೆ ಸಿಗುವ ಊರು ಹಿಂಡಲಗಾ. ಅಲ್ಲಿಯ ಗಣಪತಿಯ ಗುಡಿಗೆ ಹೋಗುವವರು ಒಂದು ಬಗೆಯ ಪ್ರಯಾಣಿಕರು. ಅಲ್ಲಿಯ ಕೇಂದ್ರ ಕಾರಾಗೃಹದಲ್ಲಿರುವ ತಮ್ಮವರನ್ನು ಕಾಣಲು ಹೋಗುವವರು ಇನ್ನೊಂದು ಬಗೆಯವರು. ಎರಡನೆಯವರ ಕೈಯಲ್ಲಿ ಹೂವು ಹಣ್ಣುಗಳಿಗೆ ಬದಲಾಗಿ ಕಾಗದಗಳಿರುತ್ತವೆ. ಆ ರಸ್ತೆಯ ಬದಿಯಲ್ಲಿ ಒಬ್ಬ ಬೆರಳಚ್ಚುಗಾರನ ಚಿಕ್ಕ ಅಂಗಡಿಯಿತ್ತು. ಆತ ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿ ಬರೆಯುವವರಿಗೆ ಮರಾಠಿಯಲ್ಲಿಯೂ ಅಚ್ಚು ಮಾಡಿಕೊಡುತ್ತಿದ್ದನು. ಗಡಿಯ ಊರಿನಲ್ಲಿ ಎರಡು ಲಿಪಿಗಳನ್ನು ಬಲ್ಲ ಬೆರಳುಗಳಿಗೆ ಕೆಲಸಕ್ಕೆ ಬರವಿಲ್ಲ.

ಆತನ ವಿದ್ಯೆ ಮೊದಲಾದದ್ದು ಬೆರಳಚ್ಚು ಯಂತ್ರದ ಮೇಲೆ. ಕನ್ನಡದ ಬೆರಳಚ್ಚು ಯಂತ್ರವೆಂದರೆ ಅಕ್ಷರಗಳನ್ನು ತುಂಡು ತುಂಡಾಗಿ ಜೋಡಿಸುವ ಕುಶಲಕಲೆ. ಅಕ್ಷರದ ಮೈಗೆ ಒಂದು ಪೆಟ್ಟು, ಕೊಂಬಿಗೆ ಇನ್ನೊಂದು ಪೆಟ್ಟು, ಒತ್ತಕ್ಷರಕ್ಕೆ ಮತ್ತೊಂದು. ಕೆ. ಅನಂತಸುಬ್ಬರಾಯರು ರೂಪಿಸಿದ ಆ ಕೀಲಿಮಣೆಯನ್ನು ಕಣ್ಣು ಮುಚ್ಚಿ ನುಡಿಸುವಷ್ಟು ಆತ ಪಳಗಿದ್ದನು. ಅನಂತರ ಗಣಕಯಂತ್ರ ಬಂದಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವೂ ಅದರೊಡನೆ ಬಂದಿತು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಅಕ್ಷರಗಳು ಉಚ್ಚಾರಣೆಯನ್ನು ಅನುಸರಿಸಿ ಕುಳಿತಿದ್ದವು. ‘ಕೆ’ ಎಂಬ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ಕ. ‘ಕೆ’, ‘ಎಫ್’, ‘ಕೆ’ ಎಂದು ಮೂರು ಸಲ ಒತ್ತಿದರೆ ಕ್ಕ. ಕೊಂಬು, ದೀರ್ಘ, ಒತ್ತುಗಳನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆಯನ್ನು ಯಂತ್ರವೇ ಹೊತ್ತುಕೊಂಡಿತು. ಹಳೆಯ ಅಭ್ಯಾಸವನ್ನು ಮರೆಯಲು ಆತನಿಗೆ ಆರು ತಿಂಗಳು ಬೇಕಾದುವು. ಆದರೂ ಆ ಬದಲಾವಣೆಯ ಬಗ್ಗೆ ಆತನಿಗೆ ದೂರಿರಲಿಲ್ಲ. ಅದು ಏಕೆ ಬಂದಿತೆಂಬುದು ಕಣ್ಣಿಗೆ ಕಾಣುವಂತಿತ್ತು: ತಪ್ಪಿದ ಅಕ್ಷರಕ್ಕಾಗಿ ಇಡೀ ಹಾಳೆಯನ್ನು ಹರಿದೆಸೆಯುವ ಕಾಲ ಮುಗಿದಿತ್ತು.

2008ರ ದೀಪಾವಳಿಯ ಹೊತ್ತಿಗೆ ಅಂಗಡಿಯ ಹಳೆಯ ಗಣಕಯಂತ್ರ ಕೆಟ್ಟು ನಿಂತಿತು. ಹೊಸದನ್ನು ಕೊಳ್ಳಲು ಆತ ಬೆಳಗಾವಿಯ ಪೇಟೆಗೆ ಹೋದನು. ಹಬ್ಬದ ರಿಯಾಯಿತಿಯ ದಿನಗಳವು. ಯಂತ್ರದೊಡನೆ ಕಚೇರಿ ಕೆಲಸದ ತಂತ್ರಾಂಶದ ಒಂದು ಪೆಟ್ಟಿಗೆಯನ್ನೂ ವರ್ತಕನು ಕಡಿಮೆ ಬೆಲೆಗೆ ಕೊಟ್ಟನು. ಮೈಕ್ರೋಸಾಫ್ಟ್ ಸಂಸ್ಥೆಯ ‘ಆಫೀಸ್ 2007’ ಅದು. ಮನೆಗಳಿಗೂ ವಿದ್ಯಾರ್ಥಿಗಳಿಗೂ ಎಂದು ಬೇರೆಯಾಗಿ ಹೊರತಂದಿದ್ದ ಆವೃತ್ತಿ. ಒಂದೇ ಮನೆಯ ಮೂರು ಯಂತ್ರಗಳಿಗೆ ಅದನ್ನು ಹಾಕಬಹುದಾಗಿತ್ತು. ಪರವಾನಗಿಯಿಲ್ಲದ ನಕಲು ತಟ್ಟೆಗಳು ಬೀದಿಯಲ್ಲಿ ಚಹದ ಬೆಲೆಗೆ ಸಿಗುತ್ತಿದ್ದ ಕಾಲದಲ್ಲಿ, ಹಣ ಕೊಟ್ಟು ರಸೀದಿ ಪಡೆದು ಕೊಂಡದ್ದಕ್ಕೆ ಆತನಿಗೆ ಒಂದು ಬಗೆಯ ಹೆಮ್ಮೆಯೂ ಇದ್ದಿತು. ಅಗ್ಗವೇಕೆ ಎಂಬ ಪ್ರಶ್ನೆಯನ್ನು ಆತ ಕೇಳಲಿಲ್ಲ. ರಿಯಾಯಿತಿಯ ಮುಂದೆ ನಿಂತ ಗಿರಾಕಿ ಆ ಪ್ರಶ್ನೆಯನ್ನು ಕೇಳುವುದು ಅಪರೂಪ.

ಅಂದು ಸಂಜೆಯೇ ಹಳೆಯ ಕಡತಗಳನ್ನು ಹೊಸ ಯಂತ್ರಕ್ಕೆ ತುಂಬಿದನು. ಮೊದಲನೆಯದನ್ನು ತೆರೆದಾಗ ಕನ್ನಡವೇ ಇರಲಿಲ್ಲ. ಯೂರೋಪಿನ ಯಾವುದೋ ಭಾಷೆಯ ಅಕ್ಷರಗಳನ್ನು ಹಿಡಿಹಿಡಿಯಾಗಿ ಚೆಲ್ಲಿದಂತಿತ್ತು. ಇದರಲ್ಲಿ ಹೊಸ ತಂತ್ರಾಂಶದ ತಪ್ಪೇನೂ ಇರಲಿಲ್ಲ. ಅಂದಿನ ‘ನುಡಿ’ಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಯೂರೋಪಿನ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಬಾಡಿಗೆಗಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಮಾಲೀಕರೇ ಹೊರಗೆ ಇಣುಕುತ್ತಿದ್ದರು. ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸ್ಥಾನ ಕೊಡುವ ಯೂನಿಕೋಡ್ ಎಂಬ ಏರ್ಪಾಡು 1991ರಿಂದಲೇ ಇದ್ದರೂ ಅಂದಿನ ದಿನಬಳಕೆಯ ಬಹುಪಾಲು ಕಡತಗಳು ಅದರಲ್ಲಿರಲಿಲ್ಲ. ‘ನುಡಿ’ಯನ್ನು ಹಾಕಿದೊಡನೆ ಕನ್ನಡ ಮರಳಿ ಕಾಣಿಸಿತು. ಆತ ನಿಶ್ಚಿಂತೆಯಿಂದ ಮಲಗಿದನು.

ನಿಜವಾದ ಕಷ್ಟ ಎದುರಾದದ್ದು ಮರುದಿನ. ಖಾನಾಪುರದ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಆಕೆಯ ಮಗ ಕಾರಾಗೃಹದಲ್ಲಿದ್ದನು. ತಂದೆ ಹಾಸಿಗೆ ಹಿಡಿದಿದ್ದನು. ಕೆಲವು ದಿನಗಳ ಮಟ್ಟಿಗೆ ಮಗನನ್ನು ಪೆರೋಲಿನ ಮೇಲೆ ಬಿಡಬೇಕೆಂದು ಅರ್ಜಿ ಕೊಡಬೇಕಾಗಿತ್ತು. ಅರ್ಜಿಯ ಒಕ್ಕಣೆ ಬೆರಳಚ್ಚುಗಾರನಿಗೆ ಕಂಠಪಾಠ. ಹೆಸರು, ಊರು, ಕಾರಣಗಳನ್ನು ತುಂಬಿ ಕಾಲು ಗಂಟೆಯಲ್ಲಿ ಮುಗಿಸಿದನು. ಅಚ್ಚು ಹಾಕುವುದೊಂದು ಉಳಿದಿತ್ತು.

ಹಳೆಯ ತಂತ್ರಾಂಶದಲ್ಲಿ ಪರದೆಯ ಎಡತುದಿಯಲ್ಲಿ ‘ಫೈಲ್’ ಎಂಬ ಪದವಿರುತ್ತಿತ್ತು. ಅದನ್ನು ಒತ್ತಿದರೆ ಒಂದು ಪಟ್ಟಿ ಕೆಳಗಿಳಿಯುತ್ತಿತ್ತು. ಆ ಪಟ್ಟಿಯಲ್ಲಿ ‘ಪ್ರಿಂಟ್’ ಇರುತ್ತಿತ್ತು. ಈಗ ಆ ಪದವೂ ಇಲ್ಲ, ಪಟ್ಟಿಯೂ ಇಲ್ಲ. ಅದರ ಸ್ಥಳದಲ್ಲಿ ಅಗಲವಾದ ಒಂದು ಪಟ್ಟೆ. ಪಟ್ಟೆಯ ತುಂಬ ಚಿತ್ರಗಳು, ಗುಂಪುಗಳು. ಅದಕ್ಕೆ ‘ರಿಬ್ಬನ್’ ಎಂದು ಹೆಸರು. ರಿಬ್ಬನ್ ಎಂದರೆ ಬೆರಳಿಗೆ ಮಸಿ ಬಳಿಯುವ ಬಟ್ಟೆಯ ಪಟ್ಟಿಯೆಂದು ತಿಳಿದಿದ್ದ ಆತನಿಗೆ ಈ ಹೊಸ ರಿಬ್ಬನ್ ಬೆವರು ತರಿಸಿತು. ಮೂಲೆಯಲ್ಲಿ ಬಣ್ಣದ ಗುರುತುಳ್ಳ ಒಂದು ದುಂಡು ಬಿಲ್ಲೆಯಿತ್ತು. ಅಚ್ಚು ಹಾಕುವ ಆಜ್ಞೆ ಅದರ ಒಳಗೇ ಅಡಗಿತ್ತು. ಆದರೆ ಅದನ್ನು ಆತ ಅಲಂಕಾರವೆಂದು ತಿಳಿದನು. ಲೋಕದಲ್ಲೆಲ್ಲ ಎಷ್ಟೋ ಜನ ಹಾಗೆಯೇ ತಿಳಿದರು. 2010ರ ಆವೃತ್ತಿಯಲ್ಲಿ ಅದೇ ಸಂಸ್ಥೆ ಆ ಬಿಲ್ಲೆಯನ್ನು ತೆಗೆದು ‘ಫೈಲ್’ ಎಂಬ ಪದವನ್ನು ಮತ್ತೆ ತಂದು ಕೂರಿಸಿತು.

ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಯಾಕ ಅಣ್ಣಾ, ಮಷೀನ ಕೆಟ್ಟೈತೇನು? ನನ್ನ ಬಸ್ಸಿನ ಹೊತ್ತಾತು” ಎಂದಳು.

“ಕೆಟ್ಟಿಲ್ಲವ್ವಾ, ಹೊಸಾದು. ಅದಕ್ಕ ಇನ್ನೂ ನನ್ನ ಗುರುತು ಸಿಕ್ಕಿಲ್ಲ” ಎಂದನಾತ.

ಮಾತೇನೋ ಹಗುರವಾಗಿತ್ತು. ಆದರೆ ಇಪ್ಪತ್ತು ವರ್ಷ ಒಂದು ಕಸುಬನ್ನು ಮಾಡಿದವನು ಗಿರಾಕಿಯ ಎದುರಿನಲ್ಲಿ ನಿನ್ನೆ ಬಂದ ಹುಡುಗನಂತೆ ತಡಕಾಡುವುದು ಸಣ್ಣ ಸಂಕಟವಲ್ಲ. ಆಕೆಯ ಕಣ್ಣಿನಲ್ಲಿ ಸಂದೇಹವಿತ್ತು. ಬೇರೆ ಅಂಗಡಿಗೆ ಹೋಗಲೇ ಎಂಬ ಆಲೋಚನೆಯಿತ್ತು. ಆತ ಮೌಸಿನಿಂದ ಕೈ ತೆಗೆದನು. ಪರದೆಯನ್ನು ನೋಡುವುದನ್ನು ಬಿಟ್ಟು ಎರಡು ಕೈಗಳನ್ನೂ ಕೀಲಿಮಣೆಯ ಮೇಲಿಟ್ಟನು. ಎಡಗೈಯ ಕಿರುಬೆರಳು ‘ಕಂಟ್ರೋಲ್’ ಕೀಲಿಯನ್ನೂ ಬಲಗೈಯ ಕಿರುಬೆರಳು ‘ಪಿ’ ಎಂಬುದನ್ನೂ ತಾವಾಗಿಯೇ ಒತ್ತಿದುವು. ಮುದ್ರಣಯಂತ್ರ ಗುರುಗುಟ್ಟಿತು. ಹೊಸ ತಂತ್ರಾಂಶವನ್ನು ಕಟ್ಟಿದವರು ಕಣ್ಣಿನ ದಾರಿಯನ್ನೆಲ್ಲ ಬದಲಾಯಿಸಿದ್ದರು. ಬೆರಳಿನ ದಾರಿಯನ್ನು ಉಳಿಸಿದ್ದರು. ಹಳೆಯ ಪಟ್ಟಿಗಳಿಗಾಗಿ ‘ಆಲ್ಟ್’ ಕೀಲಿಯೊಡನೆ ಒತ್ತುತ್ತಿದ್ದ ಅಕ್ಷರಗಳಲ್ಲಿ ಎಷ್ಟೋ, ಆ ಪಟ್ಟಿಗಳೇ ಇಲ್ಲದಿದ್ದರೂ, ಕೆಲಸ ಮಾಡುತ್ತಿದ್ದುವು.

ಇಷ್ಟೊಂದು ಬದಲಾವಣೆ ಏಕೆ ಬೇಕಾಯಿತು ಎಂದು ಯಾರಾದರೂ ಕೇಳಬಹುದು. ತಯಾರಕರ ಕಡೆಯ ವಾದದಲ್ಲಿಯೂ ಹುರುಳಿದೆ. ಬರವಣಿಗೆಯ ಈ ತಂತ್ರಾಂಶದ ಮೊದಲ ಆವೃತ್ತಿಯಲ್ಲಿ ಸುಮಾರು 100 ಆಜ್ಞೆಗಳಿದ್ದುವು. 2003ರ ಆವೃತ್ತಿಯ ಹೊತ್ತಿಗೆ ಅವು 1500ನ್ನು ಮೀರಿದ್ದುವು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪೆಟ್ಟಿಗೆ ಎಂದು ಅವು ಹೂತುಹೋಗಿದ್ದುವು. ಹೊಸದಾಗಿ ಸೇರಿಸಿರೆಂದು ಬಳಕೆದಾರರು ಬೇಡುತ್ತಿದ್ದ ಸೌಲಭ್ಯಗಳಲ್ಲಿ ಬಹಳಷ್ಟು ಆಗಲೇ ಅದರೊಳಗೆ ಇದ್ದುವು. ಕಣಜದಲ್ಲಿ ಕಾಳಿದ್ದೂ ಕಾಣದೆ ಕಡ ಕೇಳಲು ಹೊರಟಂತಾಗಿತ್ತು. ಇನ್ನೊಂದು ಲೆಕ್ಕವೂ ಇದೆ. ಒಪ್ಪಿಗೆ ಕೊಟ್ಟ ಬಳಕೆದಾರರ ಯಂತ್ರಗಳಿಂದ ತರಿಸಿಕೊಂಡ ಮಾಹಿತಿಯ ಪ್ರಕಾರ ಅಂಟಿಸು, ಉಳಿಸು, ನಕಲಿಸು, ಹಿಂದಿರುಗಿಸು, ದಪ್ಪಗೊಳಿಸು ಎಂಬ ಐದೇ ಆಜ್ಞೆಗಳು ಒಟ್ಟು ಬಳಕೆಯ ಶೇಕಡ 32ರಷ್ಟಿದ್ದುವು. ಅವುಗಳಲ್ಲಿ ಮೊದಲ ಸ್ಥಾನ ‘ಅಂಟಿಸು’ವಿನದು. ಹೊಸ ಪಟ್ಟೆಯ ಎಡತುದಿಯಲ್ಲಿ ಅದೇ ದೊಡ್ಡದಾಗಿ ಕುಳಿತಿರುವುದು ಈ ಲೆಕ್ಕದಿಂದಲೇ. ಹೊಸಬನಿಗೆ ಇದರಿಂದ ಉಪಕಾರವಾಯಿತೆಂಬುದನ್ನು ಒಪ್ಪಬೇಕು. ಹಳಬನು ತೆತ್ತ ದಿನಗಳು ಮಾತ್ರ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಇಂಗ್ಲಿಷ್ ಬೆರಳಚ್ಚಿನ ಅಕ್ಷರಗಳ ಕ್ರಮ 1870ರ ದಶಕದ ರೆಮಿಂಗ್ಟನ್ ಯಂತ್ರದಿಂದ ಇಂದಿನವರೆಗೆ ಹೆಚ್ಚುಕಡಿಮೆ ಅದೇ ಆಗಿ ಉಳಿದಿದೆ. ಅದಕ್ಕಿಂತ ಸುಲಭವೆನ್ನಲಾದ ಕ್ರಮಗಳನ್ನು ರೂಪಿಸಿದವರಿದ್ದಾರೆ. ಕೋಟ್ಯಂತರ ಬೆರಳುಗಳನ್ನು ಮತ್ತೆ ಶಾಲೆಗೆ ಕಳಿಸುವ ಧೈರ್ಯ ಲೋಕಕ್ಕೆ ಬರಲಿಲ್ಲ.

ಒಂದು ವಾರದ ಮೇಲೆ ಬೆರಳಚ್ಚುಗಾರನ ಮಗಳು ಅಂಗಡಿಗೆ ಬಂದಳು. ಆಕೆ ಕಾಲೇಜಿನ ವಿದ್ಯಾರ್ಥಿನಿ. ಪರದೆಯ ತಲೆಯ ಮೇಲೆ ಕಡತದ ಹೆಸರಿನ ಪಕ್ಕದಲ್ಲಿದ್ದ ಇಂಗ್ಲಿಷ್ ಮಾತುಗಳನ್ನು ತೋರಿಸಿ, “ಅಪ್ಪಾ, ಇದನ್ನ ಓದೀರೇನ್ರಿ? ವ್ಯಾಪಾರಕ್ಕ ಬಳಸುವಂಗಿಲ್ಲ ಅಂತ ಬರದಾರ” ಎಂದಳು.

ಅದು ನಿಜವಾಗಿತ್ತು. ಆ ಆವೃತ್ತಿಯು ಅಗ್ಗವಾಗಿದ್ದುದಕ್ಕೆ ಅದೇ ಕಾರಣ. ಮನೆಯಲ್ಲಿ ಓದು ಬರಹಕ್ಕೆ ಅದನ್ನು ಬಳಸಬಹುದು. ಹಣ ತೆಗೆದುಕೊಂಡು ಮಾಡುವ ಕೆಲಸಕ್ಕೆ ಕೂಡದು. ಆ ಷರತ್ತು ಪ್ರತಿಯೊಂದು ಕಡತದ ನೆತ್ತಿಯ ಮೇಲೂ ಅಚ್ಚಾಗಿ ನಿಂತಿತ್ತು. ಆತ ವಾರವಿಡೀ ಅದರ ಕೆಳಗೇ ಕುಳಿತು ಪುಟಕ್ಕೆ ಹತ್ತು ರೂಪಾಯಿಯಂತೆ ದುಡಿದಿದ್ದನು. ಯಾರು ಬಂದು ನೋಡುತ್ತಾರೆ, ಹಿಂಡಲಗೆಯ ಈ ಗೂಡಂಗಡಿಯನ್ನು ಹುಡುಕಿಕೊಂಡು ಯಾವ ಅಧಿಕಾರಿ ಬರುತ್ತಾನೆ ಎಂದು ನೆರೆಯ ಅಂಗಡಿಯವನು ನಕ್ಕನು. ಯಾರೂ ಬರುತ್ತಿರಲಿಲ್ಲವೆಂಬುದು ಸತ್ಯವೇ. ಆದರೆ ಪ್ರತಿದಿನ ಪ್ರಮಾಣಪತ್ರಗಳನ್ನೂ, ‘ಮೇಲೆ ಹೇಳಿದ್ದೆಲ್ಲ ನಿಜ’ ಎಂದು ಮುಗಿಯುವ ಅರ್ಜಿಗಳನ್ನೂ ಅಚ್ಚು ಮಾಡುವವನಿಗೆ ತಲೆಯ ಮೇಲಿನ ಆ ಸಾಲು ಮುಳ್ಳಿನಂತೆ ಕಾಣತೊಡಗಿತು. ವ್ಯಾಪಾರಕ್ಕೆ ಒಪ್ಪುವ ಪೂರ್ಣ ಆವೃತ್ತಿಯ ಬೆಲೆ ಆತನ ಕೈಗೆ ಎಟುಕುವಂತಿರಲಿಲ್ಲ.

ದಾರಿ ತೋರಿಸಿದವಳು ಮಗಳೇ. ‘ಓಪನ್ ಆಫೀಸ್’ ಎಂಬ ತಂತ್ರಾಂಶದ ಮೂರನೆಯ ಆವೃತ್ತಿ ಅದೇ 2008ರ ಅಕ್ಟೋಬರಿನಲ್ಲಿ ಹೊರಬಂದಿತ್ತು. ಅದಕ್ಕೆ ಬೆಲೆಯಿಲ್ಲ, ಮನೆಗೂ ವ್ಯಾಪಾರಕ್ಕೂ ಮುಕ್ತ. ಹೊಸ ಆಫೀಸಿನ ಕಡತಗಳನ್ನು ತೆರೆಯುವ ಶಕ್ತಿಯೂ ಅದಕ್ಕೆ ಆ ಆವೃತ್ತಿಯಲ್ಲಿಯೇ ಬಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಎಡತುದಿಯಲ್ಲಿ ‘ಫೈಲ್’ ಇತ್ತು; ಅದರ ಕೆಳಗೆ ಪಟ್ಟಿಯಿತ್ತು. ಕೊಂಡ ಪೆಟ್ಟಿಗೆ ಮನೆ ಸೇರಿತು, ಮಗಳ ಓದಿಗೆ. ಅಂಗಡಿಯ ಯಂತ್ರದಲ್ಲಿ ಹಳೆಯ ಊರಿನ ಬೀದಿಗಳಂತೆ ಪಟ್ಟಿಗಳು ಮತ್ತೆ ಸಾಲಾಗಿ ನಿಂತುವು. ಎಲ್ಲವೂ ಸರಾಗವಾಯಿತೆಂದಲ್ಲ. ಬೇರೆ ಕಡೆ ಸಿದ್ಧವಾದ ಕಡತಗಳನ್ನು ತೆರೆದಾಗ ಕೋಷ್ಟಕಗಳು ಕೆಲವೊಮ್ಮೆ ಓರೆಯಾಗುತ್ತಿದ್ದುವು. ಅವನ್ನು ಸರಿಪಡಿಸಲು ಹೊತ್ತು ಹಿಡಿಯುತ್ತಿತ್ತು.

ಇಷ್ಟಾದ ಮೇಲೆ ಆತ ರಿಬ್ಬನ್ನಿನ ತಂಟೆಗೆ ಹೋಗದೆ ಇರಬಹುದಾಗಿತ್ತು. ಆದರೆ ಶಾಲೆಗಳೂ ಕಚೇರಿಗಳೂ ಒಂದೊಂದಾಗಿ ಹೊಸ ಆಫೀಸಿಗೆ ಬದಲಾಗುತ್ತಿದ್ದುವು. ಗಿರಾಕಿಗಳು ಅದರ ಮಾತಿನಲ್ಲಿಯೇ ಕೆಲಸ ಹೇಳುತ್ತಿದ್ದರು. ಆದುದರಿಂದ ರಾತ್ರಿ ಊಟವಾದ ಮೇಲೆ ಮನೆಯ ಯಂತ್ರದ ಮುಂದೆ ಮಗಳು ಗುರುವಾದಳು, ತಂದೆ ಶಿಷ್ಯನಾದನು. ದುಂಡು ಬಿಲ್ಲೆಯ ಒಳಗೇನಿದೆ, ಕೋಷ್ಟಕವನ್ನು ಎಲ್ಲಿಂದ ತರಬೇಕು, ಪುಟದ ಅಂಚನ್ನು ಎಲ್ಲಿ ಅಳೆಯಬೇಕು ಎಂದು ಒಂದೊಂದು ರಾತ್ರಿ ಒಂದೊಂದು ಪಾಠ ನಡೆಯಿತು. ಪಟ್ಟೆಯ ಮೇಲಿನ ಹೆಸರನ್ನು ಎರಡು ಸಲ ತಟ್ಟಿದರೆ ಪಟ್ಟೆಯೇ ಮಡಚಿಕೊಂಡು ಬರೆಯಲು ಜಾಗ ಬಿಡುತ್ತದೆಂದು ತಿಳಿದ ದಿನ ಆತ ಮಗುವಿನಂತೆ ಹಿಗ್ಗಿದನು. ಗುರುವು ಆಗಾಗ ತಾಳ್ಮೆಗೆಡುತ್ತಿದ್ದಳೆಂಬುದನ್ನೂ ಹೇಳಬೇಕು. ಬೇಗ ಕಲಿತವರಿಗೆ ತಾವು ಕಲಿತ ಬಗೆ ನೆನಪಿರುವುದಿಲ್ಲ.

ಮನೆಯಲ್ಲಿದ್ದ ಆ 2007ರ ಆಫೀಸಿಗೆ ತಯಾರಕರ ಬೆಂಬಲ 2017ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಅಷ್ಟರೊಳಗೆ ಅದೇ ಸಂಸ್ಥೆ ತನ್ನ ತಂತ್ರಾಂಶಗಳನ್ನು ವರ್ಷದ ಚಂದಾಕ್ಕೆ ಕೊಡುವ ಪದ್ಧತಿಯನ್ನೂ ತಂದಿತ್ತು. ಓಪನ್ ಆಫೀಸಿನಿಂದ 2010ರಲ್ಲಿ ಕವಲೊಡೆದ ‘ಲಿಬ್ರೆ ಆಫೀಸ್’ ಅಂಗಡಿಯ ಯಂತ್ರಕ್ಕೆ ಬಂದಿತು. 2019ರಲ್ಲಿ ಹೊರಬಂದ ಅದರ ಒಂದು ಆವೃತ್ತಿ, ಹಳೆಯ ಪಟ್ಟಿಗಳನ್ನು ಹಾಗೆಯೇ ಉಳಿಸಿಕೊಂಡು, ಬೇಕೆಂದವರಿಗೆ ರಿಬ್ಬನ್ನಿನಂತಹ ಪಟ್ಟೆಯನ್ನೂ ಕೊಟ್ಟಿತು. ಯಾವುದು ಬೇಕೆಂದು ಬಳಸುವವನೇ ಆರಿಸಿಕೊಳ್ಳಬಹುದಾಗಿತ್ತು. ಬೆರಳಚ್ಚುಗಾರನು ಎರಡನ್ನೂ ಒಂದೊಂದು ದಿನ ನೋಡಿ ಪಟ್ಟೆಯನ್ನೇ ಆರಿಸಿಕೊಂಡನು. ನೆರೆಯವನು ಬೆರಗಾದನು. ಹನ್ನೊಂದು ವರ್ಷಗಳಲ್ಲಿ ಆತನ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು. ಆದರೆ ಅಚ್ಚು ಹಾಕುವಾಗ ಮಾತ್ರ ಆತ ಮೌಸನ್ನು ಮುಟ್ಟುತ್ತಿರಲಿಲ್ಲ. ಎರಡು ಕಿರುಬೆರಳುಗಳೂ ತಮ್ಮ ಹಳೆಯ ಕೀಲಿಗಳಿಗೇ ಹೋಗುತ್ತಿದ್ದುವು.