ಎಲ್ಲರ ಮನೆ

ಪಬ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ. ಒಂದು, ಬೆಂಗಳೂರಿನ ಗದ್ದಲ. ಇನ್ನೊಂದು, 2009ರ ಜನವರಿಯಲ್ಲಿ ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಹೆಣ್ಣುಮಕ್ಕಳನ್ನು ಪಬ್ಬಿನಿಂದ ಅಟ್ಟಾಡಿಸಿ ಹೊಡೆದದ್ದು. ಆದರೆ ಆ ಪದದ ಮೂಲ ಬಹಳ ಸಾದಾ ಆದದ್ದು. ‘ಪಬ್ಲಿಕ್ ಹೌಸ್’ ಎಂದರೆ ಎಲ್ಲರ ಮನೆ. ದಾರಿಹೋಕನಿಗೆ ಒಂದು ಊಟ, ಕುಡಿಯಲು ಏನಾದರೂ, ಚಳಿಗೆ ಬೆಂಕಿಯ ಮುಂದೆ ಒಂದಿಷ್ಟು ಜಾಗ. ಎಲ್ಲರ ಮನೆ ಎಂದು ಹೆಸರಿಟ್ಟುಕೊಂಡದ್ದು ನಿಜಕ್ಕೂ ಎಲ್ಲರದಾಗಿರುತ್ತದೆಯೇ ಎಂಬ ಪ್ರಶ್ನೆ ಕಾಫಿ ಬೆಟ್ಟದಲ್ಲಿ ಹುಟ್ಟಿದ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಕಂಪ್ಯೂಟರ್ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದ ನನ್ನ ತಂಗಿಯ ಮಗ ಒಮ್ಮೆ ಫೋನು ಮಾಡಿದ್ದ. ಕಾರ್ನ್‌ಹಿಲ್ ಬೀದಿಯ ಪಕ್ಕ ಸೇಂಟ್ ಮೈಕೇಲ್ಸ್ ಆಲಿ ಎಂಬ ಇಕ್ಕಟ್ಟಾದ ಓಣಿಯಿದೆ. ಅಲ್ಲಿನ ‘ಜಮೈಕಾ ವೈನ್ ಹೌಸ್’ ಎಂಬ ಹಳೆಯ ಪಬ್ಬಿಗೆ ಜೊತೆ ಕೆಲಸದವರು ಅವನನ್ನು ಕರೆದುಕೊಂಡು ಹೋಗಿದ್ದರಂತೆ. ‘ಮಾಮು, ನಾನು ಕಿತ್ತಳೆ ರಸ ಮಾತ್ರ ಕುಡಿದೆ’ ಎಂದು ಮೊದಲೇ ಜಾಮೀನು ಕೊಟ್ಟು, ಆಮೇಲೆ ವಿಷಯಕ್ಕೆ ಬಂದ. ‘ನೀನು ಕುಡಿಯೋದಿಲ್ವಾ ಅಂತ ಒಬ್ಬ ಕೇಳಿದ. ಇಲ್ಲ ಅಂದೆ. ಸರಿ ಅಂದ, ಅಷ್ಟೇ. ಮತ್ತೆ ಎಲ್ಲರೂ ಒಂದೇ ಮೇಜಲ್ಲಿ ಕೂತು ತಿಂದ್ವಿ. ಹೊರಗೆ ಗೋಡೆ ಮೇಲೆ ಒಂದು ಫಲಕ ಇದೆ. ಲಂಡನ್ನಿನ ಮೊದಲನೇ ಕಾಫಿ ಅಂಗಡಿ 1652ರಲ್ಲಿ ಇದ್ದದ್ದು ಇಲ್ಲೇ ಅಂತ!’

ಆ ಅಂಗಡಿ ಇಟ್ಟವನ ಹೆಸರು ಪಾಸ್ಕ್ವಾ ರೋಸೆ. ತುರ್ಕಿಯ ಸ್ಮಿರ್ನಾದಿಂದ, ಅಂದರೆ ಈಗಿನ ಇಜ್ಮಿರ್‌ನಿಂದ, ಡೇನಿಯಲ್ ಎಡ್ವರ್ಡ್ಸ್ ಎಂಬ ವ್ಯಾಪಾರಿಯ ಸೇವಕನಾಗಿ ಬಂದವನು. ಅವನ ಕಾಫಿಗೆ ಜನ ಮುಗಿಬಿದ್ದಾಗ ಸುತ್ತಲಿನ ಬಿಯರ್ ಅಂಗಡಿಯವರಿಗೆ ಹೊಟ್ಟೆಯುರಿ ಶುರುವಾಯಿತು. ‘ಇವನು ಪರಕೀಯ, ನಮ್ಮ ನಗರದಲ್ಲಿ ವ್ಯಾಪಾರ ಮಾಡಲು ಇವನಿಗೆ ಹಕ್ಕಿಲ್ಲ’ ಎಂದು ಮೇಯರನಿಗೆ ದೂರು ಕೊಟ್ಟರು. ಹಕ್ಕಿದ್ದ ಒಬ್ಬ ಸ್ಥಳೀಯನನ್ನು ಪಾಲುದಾರನನ್ನಾಗಿ ಮಾಡಿಕೊಂಡ ಮೇಲೆಯೇ ಅಂಗಡಿ ಉಳಿದದ್ದು. 1675ರ ಕೊನೆಯಲ್ಲಿ ದೊರೆ ಎರಡನೇ ಚಾರ್ಲ್ಸ್ ಕಾಫಿ ಅಂಗಡಿಗಳನ್ನೇ ಮುಚ್ಚಲು ಆಜ್ಞೆ ಹೊರಡಿಸಿದ. ಅಲ್ಲಿ ಕೂತವರು ರಾಜಕಾರಣ ಮಾತಾಡುತ್ತಾರೆ ಎಂಬುದು ಅವನ ಭಯ. ಜನರ ಗಲಾಟೆಗೆ ಹೆದರಿ ಕೆಲವೇ ದಿನಗಳಲ್ಲಿ ಆಜ್ಞೆಯನ್ನು ಹಿಂದಕ್ಕೆ ಪಡೆದ. ನಮ್ಮವರೇನೂ ಕಡಿಮೆಯಿಲ್ಲ. 1511ರಲ್ಲೇ ಮಕ್ಕಾದ ಅಧಿಕಾರಿಯೊಬ್ಬ ಕಾಫಿಯನ್ನು ನಿಷೇಧಿಸಿದ್ದ. ಜನ ಒಟ್ಟಿಗೆ ಕೂತು ಕುಡಿಯುವುದನ್ನು ಕಂಡರೆ ಅಧಿಕಾರದಲ್ಲಿರುವವರಿಗೆ ಎಲ್ಲ ಕಾಲದಲ್ಲೂ ಸಂಕಟವೇ.

ಬಾಬಾ ಬುಡನ್ ಅವರು ಯಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಎಂಬ ಐತಿಹ್ಯಕ್ಕೆ ಸಾಮಾನ್ಯವಾಗಿ ಹೇಳುವ ಇಸವಿ 1670. ಆ ಲೆಕ್ಕ ಹಿಡಿದರೆ ಲಂಡನ್ನಿನವರು ಕಾಫಿ ಕುಡಿಯಲು ಕಲಿತಾಗ ಇಲ್ಲಿ ಗಿಡವೇ ಇರಲಿಲ್ಲ! ಮುಂದೆ ಹತ್ತೊಂಬತ್ತನೇ ಶತಮಾನದಲ್ಲಿ ಅದೇ ಇಂಗ್ಲಿಷರು ತೋಟ ಮಾಡಲು ಈ ಬೆಟ್ಟಗಳಿಗೆ ಬಂದರು. ಬರುವಾಗ ತಮ್ಮ ಪಬ್ಬನ್ನು ತರಲಿಲ್ಲ, ಕ್ಲಬ್ಬನ್ನು ತಂದರು. ವ್ಯತ್ಯಾಸ ಸಣ್ಣದಲ್ಲ. ಪಬ್ಬಿನ ಬಾಗಿಲು ದಾರಿಹೋಕನಿಗೂ ತೆರೆದಿರುತ್ತದೆ, ಕ್ಲಬ್ಬಿನದು ಸದಸ್ಯನಿಗೆ ಮಾತ್ರ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿಗೆ ಭಾರತೀಯರು ಸದಸ್ಯರಾಗಲು 1915ರವರೆಗೆ ಕಾಯಬೇಕಾಯಿತು. ಬಾಕಿ ಉಳಿಸಿ ಹೋದ ಚರ್ಚಿಲ್‌ನ 13 ರೂಪಾಯಿ ಲೆಕ್ಕವನ್ನು ಅಲ್ಲಿ ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ.

ನನ್ನ ದಾದಾ ತೋಟದ ದೊರೆಯೊಬ್ಬನ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಕ್ಲಬ್ ದಿನ ಅಲ್ಲಿಗೂ ಅವರನ್ನೇ ಕಳಿಸುತ್ತಿದ್ದರು. ಸೂಪು, ರೋಸ್ಟು, ಕಸ್ಟರ್ಡ್ ಎಲ್ಲ ಬಲ್ಲವರು. ಸುತ್ತ ನೂರಾರು ಎಕರೆ ಕಾಫಿ, ಒಳಗೆ ಎಲ್ಲರ ಕೈಯಲ್ಲೂ ವಿಸ್ಕಿ. ಆ ಗ್ಲಾಸುಗಳನ್ನು ಹೊತ್ತು ಕೊಟ್ಟದ್ದಕ್ಕೆ ಸಿಕ್ಕ ಬಕ್ಷೀಸನ್ನು ದಾದಿ ಮನೆಯ ಅಕ್ಕಿಗೆ ಮುಟ್ಟಿಸುತ್ತಿರಲಿಲ್ಲ. ‘ಸಂಬಳ ಅಡುಗೆಗೆ ಕೊಡೋದು, ಅದು ಹಲಾಲ್. ಇದು ಬೇಡ’ ಎಂದು ಡಬ್ಬಿಯಲ್ಲಿ ಬೇರೆ ಇಟ್ಟು, ಬಾಗಿಲಿಗೆ ಬಂದವರಿಗೆ ಕೊಟ್ಟುಬಿಡುತ್ತಿದ್ದರು. ದಾದಾ ಒಂದು ದಿನವೂ ಎದುರು ಮಾತಾಡಲಿಲ್ಲವಂತೆ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಒಲೆಯ ಮುಂದೆ ಕೂತು ಒಂದು ಲೋಟ ಬೆಲ್ಲದ ಕಾಫಿ ಕುಡಿದೇ ಮಲಗುತ್ತಿದ್ದರಂತೆ.

ಆ ಕಾಫಿಯೂ ಬೆಳೆದವನ ಕೈಯಲ್ಲಿ ಇರಲಿಲ್ಲ. 1942ರ ಕಾನೂನಿನ ನಂತರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಆ ಕಟ್ಟು ಸಂಪೂರ್ಣ ಸಡಿಲವಾದದ್ದು 1996ರಲ್ಲಿ. ಒಳ್ಳೆಯ ಬೀಜ ಹಡಗು ಹತ್ತುತ್ತಿತ್ತು. ಲೈನಿನ ಮನೆಗಳ ಆಳುಗಳಿಗೆ ಸಿಗುತ್ತಿದ್ದದ್ದು ನೆಲಕ್ಕೆ ಉದುರಿದ್ದು, ಒಡೆದದ್ದು.

ನಾನು ಚಿಕ್ಕವನಿದ್ದಾಗ ಹೇಮಾವತಿ ಹುಟ್ಟುವ ಈ ಜಾವಳಿಯ ಸುತ್ತಮುತ್ತ ಎಲ್ಲರ ಮನೆ ಎಂದರೆ ರಸ್ತೆ ಬದಿಯ ಹೋಟೆಲು. ಒಂದು ಹೋಟೆಲಿನಲ್ಲಿ ನನ್ನ ಅಬ್ಬಾನಿಗೆ ಒಳಗಿನ ಬೆಂಚು ಸಿಗುತ್ತಿತ್ತು. ಕಾಫಿ ಕುಯ್ಯುವ ದಲಿತ ಆಳುಗಳು ಹೊರಗೆ ಜಗಲಿಯ ತುದಿಯಲ್ಲಿ ನಿಂತು ಕುಡಿದು, ಲೋಟ ತಾವೇ ತೊಳೆದು ಗೋಡೆಯ ಮೇಲೆ ಕವುಚಿಡುತ್ತಿದ್ದರು. ಅದು ಅಪರಾಧ ಎಂದು ಕಾನೂನು ಬಂದದ್ದು 1955ರಲ್ಲಿ. ನಾನು ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ.

ಈಗ ಆ ಹೋಟೆಲಿಲ್ಲ, ಗೋಡೆಯೂ ಇಲ್ಲ. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಲ್ಲಾಳರಾಯನ ದುರ್ಗಕ್ಕೆ ಹತ್ತುತ್ತಾರೆ. ಹೋಂಸ್ಟೇಗಳಲ್ಲಿ ಇಂಗ್ಲಿಷ್ ದೊರೆಗಳ ಕಾಲದ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬರಲಿ, ತಿನ್ನಲಿ, ಊರಿಗೂ ನಾಲ್ಕು ಕಾಸು. ಆದರೆ 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕೂಗು ರಾಜ್ಯದಲ್ಲೆಲ್ಲ ಎದ್ದಾಗ, ನನಗೆ ಪರಿಚಯದ ಹೋಟೆಲಿನವನೊಬ್ಬ ಕೇಳಿದ: ‘ಸಾಬರೇ, ಇಪ್ಪತ್ತು ವರ್ಷ ರುಚಿ ಹೇಗಿದೆ ಅಂತ ಕೇಳ್ತಿದ್ದೋರು ಈಗ ಹೆಸರೇನು ಅಂತ ಕೇಳ್ತಾರಲ್ಲ?’

ನನ್ನಲ್ಲಿ ಉತ್ತರವಿರಲಿಲ್ಲ. ಪಾಸ್ಕ್ವಾ ರೋಸೆಯನ್ನೂ ಹೀಗೆಯೇ ಕೇಳಿದ್ದರು ಎಂದು ಹೇಳಿದೆ. ಅವನ ಮೇಲೆ ದೂರು ಕೊಟ್ಟವರ ಹೆಸರು ಇಂದು ಯಾರಿಗೂ ನೆನಪಿಲ್ಲ; ಅವನ ಹೆಸರು ಮಾತ್ರ ಒಂದು ಪಬ್ಬಿನ ಗೋಡೆಯ ಮೇಲೇ ಉಳಿದಿದೆ. ಆತ ನಕ್ಕ. ‘ಗೋಡೆ ಮೇಲೆ ಹೆಸರು ಬೇಡ ಸಾಬರೇ, ಬೆಂಚು ತುಂಬಿದ್ರೆ ಸಾಕು’ ಎಂದು ಕಾಫಿ ಬಗ್ಗಿಸಿ ಕೊಟ್ಟ.