ಸೋರುವ ಮಾಳಿಗೆ, ನುಡಿಯುವ ಗಿಟಾರು



ಒಂದು ಹಾಡು ಮೊದಲ ಸಲ ಕೇಳಿದಾಗಲೇ ಮನಸ್ಸನ್ನು ಸೆಳೆಯುವುದು ಅಪರೂಪದ ಸಂಗತಿಯೇನಲ್ಲ. ರಾಗ ಹೊಸದಾಗಿದ್ದು ತಾಳ ಚುರುಕಾಗಿದ್ದರೆ ಅಷ್ಟೇ ಸಾಕು. ಆದರೆ ಹತ್ತು ಹದಿನೈದು ವರ್ಷಗಳು ಉರುಳಿದ ಮೇಲೆ ಅದೇ ಹಾಡನ್ನು ಮತ್ತೊಮ್ಮೆ ಕೇಳಿ ನೋಡಿ. ಆಗಲೂ ಅದು ನಮ್ಮನ್ನು ಹಿಡಿದು ನಿಲ್ಲಿಸಿದರೆ, ಮೊದಲು ಕಾಣದೇ ಹೋಗಿದ್ದ ಅರ್ಥವೊಂದು ಈಗ ಕಂಡರೆ, ಅದು ಉಳಿಯುವ ಹಾಡೆಂದು ತಿಳಿಯಬಹುದು. ಗೆಳೆತನವನ್ನೂ ಪುಸ್ತಕವನ್ನೂ ನಾವು ಹೀಗೆಯೇ ಅಳೆಯುತ್ತೇವೆ.

ಕಳೆದ ಕೆಲವು ತಿಂಗಳುಗಳಿಂದ ನಾನು ಹೀಗೆ ಮರಳಿ ಕೇಳುತ್ತಿರುವುದು ಗಿಟಾರು, ಡ್ರಮ್ಸ್‌ಗಳ ಅಬ್ಬರವಿರುವ ರಾಕ್ ಹಾಡುಗಳನ್ನು. ಐವತ್ತು ದಾಟಿದ ಗುರುವಿಗೆ ಇದೆಂತಹ ಹವ್ಯಾಸವೆಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಗುರುಮಠದಲ್ಲಿದ್ದಾಗ ನಮ್ಮ ತಲೆಮಾರಿನ ಹಲವರು ತತ್ವಶಾಸ್ತ್ರ, ದೈವಶಾಸ್ತ್ರಗಳ ಜೊತೆಗೆ ಗಾಯನ ವೃಂದದ ಸಲುವಾಗಿ ಒಂದಿಷ್ಟು ಗಿಟಾರನ್ನೂ ಕಲಿತೆವು. ಬೆರಳುಗಳು ಈಗ ಬಿರುಸಾಗಿವೆ. ಕಿವಿ ಮಾತ್ರ ಆ ತಂತಿಯ ನಾದವನ್ನು ಮರೆತಿಲ್ಲ.

ಚಲನಚಿತ್ರಕ್ಕಾಗಿ ಬರೆಯದೆ, ದೊಡ್ಡ ಕಂಪನಿಗಳ ಅಪ್ಪಣೆಗೆ ಕಾಯದೆ, ಕಲಾವಿದರು ತಾವೇ ಕಟ್ಟಿ ತಾವೇ ಹಾಡಿ ಜನರ ಮುಂದಿಡುವ ಸಂಗೀತವನ್ನು ಇಂದಿನ ಯುವಜನರು ‘ಇಂಡಿ’ ಎಂದು ಕರೆಯುತ್ತಾರೆ. ಸ್ವತಂತ್ರ ಎಂಬರ್ಥದ ‘ಇಂಡಿಪೆಂಡೆಂಟ್’ ಪದದ ಮೊಟಕು ರೂಪವದು. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣಕ್ಕೂ ಇದಕ್ಕೂ ಸಂಬಂಧವಿಲ್ಲ! ಈ ಬಗೆಯ ಸ್ವಾತಂತ್ರ್ಯ ಕನ್ನಡಕ್ಕೆ ಹೊಸತೂ ಅಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಕವಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಾಗ, ಸಿನಿಮಾದ ಹಂಗಿಲ್ಲದ ಹಾಡುಗಳು ಮನೆಮನೆಯ ಟೇಪ್ ರೆಕಾರ್ಡರುಗಳಲ್ಲಿ ನುಡಿಯತೊಡಗಿದವು. ಸಿ. ಅಶ್ವಥ್ ಅವರಂತಹವರು ಆ ಹಾದಿಯನ್ನು ಇನ್ನಷ್ಟು ಅಗಲಗೊಳಿಸಿದರು. ರಾಕ್ ಸಂಗೀತದ ಮಾತು ಬೇರೆ. ಬೆಂಗಳೂರಿನಲ್ಲಿ ಅದು ಬಹುಕಾಲ ಇಂಗ್ಲಿಷಿನಲ್ಲೇ ಹಾಡಿಕೊಂಡಿತ್ತು. 1996ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ನಂತಹ ಪ್ರತಿಭಾವಂತ ತಂಡದ ಭಾಷೆಯೂ ಇಂಗ್ಲಿಷೇ.

2008ರಲ್ಲಿ ಬೇರೊಂದು ಬಗೆಯ ದನಿ ಕೇಳಿಸಿತು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಅಭ್ಯಾಸ ಮಾಡಿದ್ದ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಗೀತಸಂಪುಟವನ್ನು ಹೊರತಂದರು. ಹಿಂದಿ ಹಾಡುಗಳೂ ಒಂದು ಇಂಗ್ಲಿಷ್ ಹಾಡೂ ಇದ್ದ ಆ ಸಂಪುಟದಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ಎರಡು ಕನ್ನಡ ಪದಗಳಿದ್ದವು. ಎರಡೂ ಸಂತ ಶಿಶುನಾಳ ಶರೀಫರವು. 2010ರಲ್ಲಿ ರಘು ಅವರು ಬಿಬಿಸಿಯ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಲುಂಗಿಯುಟ್ಟು ಗೆಜ್ಜೆ ಕಟ್ಟಿ ಹಾಡುವ ಈ ಗಾಯಕನಿಂದಾಗಿ ನಮ್ಮ ಉತ್ತರ ಕರ್ನಾಟಕದ ತತ್ವಪದವು ಕನ್ನಡವನ್ನೇ ಅರಿಯದ ಊರುಗಳಿಗೂ ತಲುಪಿತು. 2009ರಲ್ಲಿ ಅವರ ತಮ್ಮ ವಾಸು ದೀಕ್ಷಿತ್ ಅವರಿದ್ದ ‘ಸ್ವರಾತ್ಮ’ ತಂಡದ ಮೊದಲ ಸಂಪುಟ ಬಂದಿತು. ಅದರಲ್ಲಿಯೂ ‘ಈ ಭೂಮಿ’ ಎಂಬ ಕನ್ನಡ ಹಾಡೊಂದಿತ್ತು. ಕಾಲೇಜಿನ ಹುಡುಗರು ಗಿಟಾರು ಹಿಡಿದು ಕನ್ನಡದಲ್ಲಿ ಹಾಡಲು ಸಂಕೋಚಪಡದ ಕಾಲ ಬಂದಿತ್ತು.

ಆ ದಿನಗಳಲ್ಲಿ ತಾಯಿಯೊಬ್ಬರು ನನ್ನ ಬಳಿ ಬಂದು ಆತಂಕದಿಂದ ದೂರಿದರು. ‘ಫಾದರ್, ಮಗ ಹಗಲೂ ರಾತ್ರಿ ಹುಕ್ಕಾ ಸೇದುವ ಹಾಡು ಹಾಕಿಕೊಂಡು ಕುಳಿತಿರುತ್ತಾನೆ. ನೀವಾದರೂ ಬುದ್ಧಿ ಹೇಳಿ’ ಎಂದರು. ಗುಡುಗುಡಿ ಎಂದರೆ ಹುಕ್ಕಾ ನಿಜ. ಆದರೆ ಶರೀಫರು ಕೈಗಿತ್ತ ಗುಡುಗುಡಿಯೇ ಬೇರೆ. ಮನಸ್ಸೇ ಅಲ್ಲಿ ಚೀಲ, ಮೋಹವೇ ಅದರೊಳಗಿನ ಪದಾರ್ಥ, ಬುದ್ಧಿಯೇ ಅದಕ್ಕೆ ಹಚ್ಚುವ ಬೆಂಕಿ. ಒಳಗಿನ ರೋಗವನ್ನು ಸುಟ್ಟು ಹೊರಹಾಕುವ ಸಾಧನೆಗೆ ಅವರು ಊರಕಟ್ಟೆಯ ಹುಕ್ಕಾವನ್ನೇ ಉಪಮೆಯಾಗಿಸಿದರು. ಇದನ್ನು ವಿವರಿಸಿದಾಗ ಆ ತಾಯಿ ನಕ್ಕರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ: ‘ಇದು ನನ್ನ ಮಗನಿಗೆ ಗೊತ್ತೇ, ಫಾದರ್?’

ಆ ಮಗನಿಗೆ ಗೊತ್ತಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಅವರು ಗುರುವಾಗಿ ಸ್ವೀಕರಿಸಿದ್ದು ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣರನ್ನು. ಅವರ ಪದಗಳು ಮೊದಲು ಬದುಕಿದ್ದು ಭಜನಾ ಮೇಳದವರ ನಾಲಗೆಯ ಮೇಲೆ. ಮುಂದೆ ಅಶ್ವಥ್ ಅವರ ಕಂಠದಿಂದಲೂ, 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದಲೂ ಅವು ನಾಡಿಗೆಲ್ಲ ಹಬ್ಬಿದವು. ಆಮೇಲೆ ಗಿಟಾರಿನವರ ಸರದಿ. ಏಕತಾರಿಯಿಂದ ಹಾರ್ಮೋನಿಯಂಗೆ, ಹಾರ್ಮೋನಿಯಂನಿಂದ ಗಿಟಾರಿಗೆ ಪದ ಕೈ ಬದಲಾಯಿಸುತ್ತಾ ಬಂದಿದೆ. ಹುಕ್ಕಾ, ತಂಬೂರಿ, ಕೋಳಿ, ಮಾಳಿಗೆ ಎಂದು ಕೈಗೆ ಸಿಕ್ಕಿದ್ದರಲ್ಲೆಲ್ಲ ದೇವರ ಮಾತನ್ನು ತುಂಬಿಟ್ಟ ಶರೀಫರು ಗಿಟಾರನ್ನು ಕಂಡಿದ್ದರೆ ಅದರ ಮೇಲೂ ಒಂದು ಪದ ಕಟ್ಟುತ್ತಿದ್ದರೋ ಏನೋ!

ಬಾಗಲಕೋಟೆಗೆ ಸಮೀಪದ ಶಿರೂರಿನಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ಜೋಳ ಬೆಳೆಯುವ ರೈತರು. ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂಡುತ್ತಿದ್ದ ಮೇಳದಲ್ಲಿ ಹಿಂದೆ ಹತ್ತು ಹನ್ನೆರಡು ಮಂದಿಯಿದ್ದರಂತೆ. ಈಗ ಮೂವರು ಉಳಿದಿದ್ದಾರೆ. ಮಕ್ಕಳಲ್ಲಿ ಕೆಲವರು ಬೆಂಗಳೂರಿಗೆ, ಕೆಲವರು ಪುಣೆಗೆ, ಕೆಲವರು ಗೋವೆಗೆ ದುಡಿಯಲು ಹೋಗಿದ್ದಾರೆ. ನಾನೊಮ್ಮೆ ಅವರಿಗೆ ನನ್ನ ಮೊಬೈಲಿನಲ್ಲಿ ‘ಸೋರುತಿಹುದು’ ಪದದ ಗಿಟಾರಿನ ರೂಪವನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಬಳಿಕ ಹೇಳಿದರು: ‘ಪದಾ ಛಲೋ ಹಾಡ್ಯಾರ್ರೀ ಫಾದರ್. ವಾದ್ಯ ಒಂದೀಟು ಹೆಚ್ಚಾಗ್ಯಾವು. ಮಾಳಿಗಿ ಸೋರಾಕತ್ತಿದ್ರ ಮನಷ್ಯಾ ಸುಮ್ಮನ ಕುಂತು ಹನಿ ಬೀಳೂದನ್ನ ಕೇಳ್ತಾನ್ರೀ.’

ಇದಕ್ಕಿಂತ ಉತ್ತಮವಾದ ಸಂಗೀತ ವಿಮರ್ಶೆಯನ್ನು ನಾನು ಓದಿಲ್ಲ.

ಆದರೆ ಅವರಿಗೆ ಆ ಗಿಟಾರಿನ ಹಾಡು ಹೊಸದಾಗಿರಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ಅದನ್ನು ಕೇಳಿ, ಒಂದು ರಾತ್ರಿ ಅಜ್ಜನಿಗೆ ಫೋನು ಮಾಡಿದ್ದನಂತೆ. ‘ಅಜ್ಜಾ, ಮಾಳಿಗಿ ಅಂದ್ರ ಮ್ಯಾಲಿನ ಅಂತಸ್ತೇನು?’ ಎಂಬುದು ಅವನ ಪ್ರಶ್ನೆ. ದಕ್ಷಿಣದ ಕನ್ನಡದಲ್ಲಿ ಮಾಳಿಗೆಯೆಂದರೆ ಮಹಡಿ. ಇಲ್ಲಿಯವರಿಗೆ ಅದು ಮಣ್ಣಿನ ಚಾವಣಿ. ಮೊಮ್ಮಗ ಹುಟ್ಟುವ ಹೊತ್ತಿಗೆ ಅವರ ಮನೆಗೆ ಸಿಮೆಂಟಿನ ಚಾವಣಿ ಬಂದಿತ್ತು. ಅಜ್ಜ ಅಂದು ಅರ್ಧ ಗಂಟೆ ಫೋನಿನಲ್ಲಿ ಮಾಳಿಗೆ ಕಟ್ಟುವ ಬಗೆಯನ್ನು ಹೇಳಿದರು. ಗೋಡೆಯಿಂದ ಗೋಡೆಗೆ ತೊಲೆ ಇಡಬೇಕು, ಅದರ ಮೇಲೆ ಜಂತಿ ಜೋಡಿಸಬೇಕು, ಕಟ್ಟಿಗೆ ಸೊಪ್ಪು ಹಾಸಿ ದಪ್ಪನಾಗಿ ಮಣ್ಣು ಹೊಡೆಯಬೇಕು, ನೀರು ಹರಿದುಹೋಗಲು ಇಳಿಜಾರು ಕೊಡಬೇಕು. ಅಷ್ಟಕ್ಕೇ ಮುಗಿಯದು. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮೇಲೇರಿ ಹುಲ್ಲು ಕೀಳಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು, ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೂ ಸೋರುತ್ತದೆ. ಸೋರುವ ಜಾಗದ ನೆತ್ತಿಯ ಮೇಲೇ ತೂತು ಇರಬೇಕೆಂದೇನೂ ಇಲ್ಲ. ನೀರು ಒಂದು ಕಡೆ ಇಳಿದು, ಒಳಗೊಳಗೇ ಹರಿದು, ಇನ್ನೊಂದು ಕಡೆ ಹನಿಯುತ್ತದೆ.

‘ಅವತ್ತ ನಾ ಪದಾ ಹಾಡಲಿಲ್ರೀ. ಮಾಳಿಗಿ ಕಟ್ಟೂದಷ್ಟ ಹೇಳಿದ್ನಿ. ಪದದ ಅರ್ಥ ಅದರಾಗಽ ಬಂದಬಿಡ್ತು’ ಎಂದರು ಆ ಹಿರಿಯರು.

ಓದುಗರೇ, ಆ ಮೇಲೆ ನಾನು ಅದೇ ಹಾಡನ್ನು ಮತ್ತೆ ಕೇಳಿದೆ. ಅಜ್ಞಾನದಿಂದ ಮನೆ ಸೋರುತ್ತಿದೆ, ರಿಪೇರಿ ಮಾಡುವವರಿಲ್ಲ, ಕತ್ತಲಲ್ಲಿ ಮೇಲೇರಲೂ ಆಗದು ಎಂಬ ಶರೀಫರ ಮೊರೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಈಗ ಅದರಲ್ಲಿ ವರ್ಷವರ್ಷವೂ ಮಾಡಬೇಕಾದ ಕೆಲಸವೊಂದರ ನೆನಪು ಕೇಳಿಸಿತು. ನಮ್ಮ ಸಂಸಾರಗಳಲ್ಲಿಯೂ ಜಗಳ ಒಂದು ಕಡೆ ಹನಿಯುತ್ತದೆ, ತೂತು ಇನ್ನೆಲ್ಲೋ ಇರುತ್ತದೆ. ಪಾಪನಿವೇದನೆಯ ಪೀಠದಲ್ಲಿ ಇಷ್ಟು ವರ್ಷ ಕುಳಿತ ನನಗೆ ಇದು ಅನುಭವದ ಮಾತು.

ನಮ್ಮ ನಾಡಿನಾಚೆಯೂ ಹೀಗೆ ಹಳೆಯ ಪದ ಹೊಸ ವಾದ್ಯವೇರಿದ ನಿದರ್ಶನಗಳಿವೆ. ದೆಹಲಿಯ ‘ಇಂಡಿಯನ್ ಓಶನ್’ ತಂಡ 2000ದಲ್ಲಿ ‘ಕಂಡೀಸಾ’ ಎಂಬ ಸಂಪುಟವನ್ನು ಹೊರತಂದಿತು. ಆ ಹೆಸರಿನ ಹಾಡು ಕೇರಳದ ಸಿರಿಯಾಕ್ ಕ್ರೈಸ್ತರ ಪ್ರಾಚೀನ ಪ್ರಾರ್ಥನೆ. ಅದರ ಭಾಷೆ ನಮ್ಮ ಪ್ರಭು ಯೇಸು ಆಡಿದ ಅರಮೇಯಿಕ್ ನುಡಿಯ ಕುಲಕ್ಕೆ ಸೇರಿದ್ದು. ದೇವರನ್ನು ಮೂರು ಬಾರಿ ಪವಿತ್ರನೆಂದು ಕೊಂಡಾಡಿ ಕರುಣೆ ಬೇಡುವ ಆ ಪ್ರಾರ್ಥನೆಗೆ ಶುಭ ಶುಕ್ರವಾರದ ಶಿಲುಬೆಯ ಆರಾಧನೆಯಲ್ಲಿಯೂ ಸ್ಥಾನವಿದೆ. ಕ್ರೈಸ್ತ ದೇವಾಲಯದೊಳಗೆ ಎಂದೂ ಕಾಲಿಡದ ಸಾವಿರಾರು ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಹಾಡಿದರು. ಕೇರಳದ ‘ಅವಿಯಲ್’ ತಂಡ 2008ರಲ್ಲಿ ನಾರಾಯಣ ಗುರುಗಳ ಪದವೊಂದನ್ನು ರಾಕ್ ಸಂಗೀತಕ್ಕೆ ಅಳವಡಿಸಿತು. ‘ಕಂಡೀಸಾ’ಕ್ಕೆ ದನಿಯಾದ ಅಶೀಮ್ ಚಕ್ರವರ್ತಿ 2009ರ ಕ್ರಿಸ್ತಜಯಂತಿಯಂದೇ ತೀರಿಕೊಂಡರು. ನಾಲ್ಕು ದಿನಗಳ ಬಳಿಕ, ಡಿಸೆಂಬರ್ 29ರಂದು, ಅಶ್ವಥ್ ಅವರೂ ನಮ್ಮನ್ನು ಅಗಲಿದರು. ಅವರಿಬ್ಬರ ಹಾಡುಗಳು ಇನ್ನೂ ಉಳಿದಿವೆ.

ಮರಳಿ ಕೇಳಿದ ಎಲ್ಲ ಹಾಡುಗಳೂ ಉಳಿದವೆಂದು ಹೇಳಲಾರೆ. ಅಬ್ಬರವನ್ನೇ ನೆಚ್ಚಿಕೊಂಡವು ಬಹುಬೇಗ ಹಳತಾಗಿವೆ. ತಮ್ಮ ನೋವನ್ನು ಮಾತ್ರ ಕಂಡು ಲೋಕವನ್ನೆಲ್ಲ ಶಪಿಸುವ ಹಾಡುಗಳೂ ನನಗೀಗ ರುಚಿಸುತ್ತಿಲ್ಲ. ಮತ್ತೆ ಮತ್ತೆ ಹೇಳಿದರೂ ಸವೆಯದ ಮಾತು ಒಳಗಿರುವ ಹಾಡುಗಳು ಮಾತ್ರ ನಿಂತಿವೆ.

ಧರ್ಮಸಭೆಗೂ ಈ ಪಾಠ ಅಪರಿಚಿತವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿ ಗ್ರೆಗೋರಿಯನ್ ಗಾಯನಕ್ಕೆ ಹಿರಿಯ ಸ್ಥಾನ ನೀಡಿತು. ಜೊತೆಗೆ ಆಯಾ ಜನಾಂಗಗಳ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ವಿಧಿಸಿತು. ಲತೀನಿನ ಬಲಿಪೂಜೆ ಕನ್ನಡಕ್ಕೆ ಬಂದದ್ದು, ತಬಲಾ ಹಾರ್ಮೋನಿಯಂಗಳು ನಮ್ಮ ದೇವಾಲಯಗಳಲ್ಲಿ ನುಡಿದದ್ದು ಆ ಬಾಗಿಲು ತೆರೆದ ಮೇಲೆ. ತನ್ನ ಉಗ್ರಾಣದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯೊಡೆಯನ ಸಾಮತಿ ಸಂತ ಮತ್ತಾಯರ ಶುಭಸಂದೇಶದಲ್ಲಿದೆ. ಉಗ್ರಾಣದಲ್ಲಿ ಏನೇನಿದೆಯೆಂದು ಬಲ್ಲ ಒಡೆಯ ಅವನು.

ಇಲ್ಲೇ ನಮ್ಮ ಹೊಣೆ ಇರುವುದು. ಹಾಡು ಯಾವ ವಾದ್ಯವನ್ನಾದರೂ ಏರಿ ಸಮುದ್ರ ದಾಟೀತು. ಅರ್ಥ ಹಾಗೆ ದಾಟುವುದಿಲ್ಲ. ಬಲ್ಲವರು ಕುಳಿತು ಹೇಳಬೇಕು, ಬೇಕಾದವರು ಕೇಳಬೇಕು. ಮಕ್ಕಳ ಕಿವಿಯಲ್ಲಿರುವ ಇಯರ್‌ಫೋನನ್ನು ಕಂಡು ನಾವು ರೇಗುತ್ತೇವೆ. ಅದರೊಳಗೆ ಶರೀಫರೇ ಹಾಡುತ್ತಿರಬಹುದೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಭಜನೆಯ ಮೇಳಗಳು ತೆಳುವಾಗುತ್ತಿರುವ ಊರುಗಳಲ್ಲಿ, ಪದದ ಅರ್ಥ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವಾಗ, ಈ ವಿಚಾರಣೆಗೆ ಹೆಚ್ಚು ಸಮಯ ಉಳಿದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಈ ತಿಂಗಳಲ್ಲಿ ಒಂದು ಸಂಜೆ, ಕುಟುಂಬ ಪ್ರಾರ್ಥನೆ ಮುಗಿದ ಬಳಿಕ, ಮನೆಯವರೆಲ್ಲ ಅರ್ಧ ಗಂಟೆ ಒಟ್ಟಿಗೆ ಕುಳಿತುಕೊಳ್ಳಿ. ಮಕ್ಕಳು ತಮಗೆ ಮೆಚ್ಚಿಗೆಯಾದ ಒಂದು ಹಾಡನ್ನು ಕೇಳಿಸಲಿ. ಅಜ್ಜನೋ ಅಜ್ಜಿಯೋ ತಮಗೆ ನೆನಪಿರುವ ಒಂದು ಪದವನ್ನು ಹಾಡಲಿ. ಕಂಠ ಚೆನ್ನಾಗಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ತಿಳಿಯದ ಮಾತು ಬಂದರೆ ಮಕ್ಕಳು ಅಲ್ಲಿಯೇ ಕೇಳಲಿ, ಹಿರಿಯರು ಅಲ್ಲಿಯೇ ಹೇಳಲಿ. ಊರಿನಿಂದ ದೂರವಿರುವ ಮಕ್ಕಳಿದ್ದರೆ ಅವರಿಗೆ ಅಂದು ಫೋನು ಮಾಡಿ, ಊಟವಾಯಿತೇ ಎಂದು ಕೇಳಿದ ಮೇಲೆ, ಈಗ ಯಾವ ಹಾಡು ಕೇಳುತ್ತಿದ್ದೀಯೆ ಎಂದೂ ಕೇಳಿ.